ಐಸ್ ಫ್ಯಾಕ್ಟರಿಯ ಚಳಿಜ್ವರ

ನಮ್ಮ ಮನೆಯ ಹಳೇ ಫ್ರಿಜ್ಜು ನಿಲ್ಲುವಾಗ ಒಮ್ಮೆ ಮೈ ಕೊಡವುತ್ತದೆ. ಒಳಗಿನ ಬಾಟಲಿಗಳು ಕಿಣಿಕಿಣಿ ಎನ್ನುತ್ತವೆ. ಸ್ವಲ್ಪ ಹೊತ್ತು ಸದ್ದಿಲ್ಲ, ಮತ್ತೆ ಗುಂಯ್. ಸೊಸೆ ವಾರದಿಂದ ಹೇಳುತ್ತಿದ್ದಾಳೆ, "ಮಾವ, ಯಾರನ್ನಾದ್ರೂ ಕರೆಸಿ ತೋರಿಸೋಣ." "ನಾನು ಬದುಕಿರೋವಾಗ ಈ ಮನೆ ಮಿಷಿನ್ನಿಗೆ ಹೊರಗಿನವನು ಕೈ ಹಾಕೋದಾ?" ಎಂದು ಬಾಯಿ ಮುಚ್ಚಿಸಿದ್ದೇನೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಅದು ನಿಂತಾಗಲೆಲ್ಲ ಪೇಪರ್ ಮಡಚಿ ಎದ್ದು ನಿಲ್ಲುತ್ತೇನೆ, ಶುರುವಾದ ಮೇಲೇ ಕೂರುತ್ತೇನೆ. ಒಂದು ಪುಟ ನೆಟ್ಟಗೆ ಓದಿ ಎಷ್ಟೋ ದಿನವಾಯಿತು.

ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೂ ಯುದ್ಧದ ಕಾಲದಲ್ಲಿ ದಂಡಿನ ಐಸ್ ಫ್ಯಾಕ್ಟರಿಯೊಂದರ ಕಂಪ್ರೆಸರ್ ನನ್ನ ಕೈಯಲ್ಲಿತ್ತು. ಈಗ ಶಿವಾಜಿನಗರ ಎನ್ನುವ ಜಾಗವನ್ನು ಆಗ ಬ್ಲಾಕ್‌ಪಲ್ಲಿ ಎನ್ನುತ್ತಿದ್ದರು. ಅಲ್ಲಿಂದ ನಮ್ಮ ಐಸ್ ಗಡ್ಡೆಗಳು ಹೊಟ್ಟು ಮೆತ್ತಿಕೊಂಡು, ಗೋಣಿ ಹೊದ್ದು, ಜಟಕಾ ಏರಿ ಸೋಲ್ಜರುಗಳ ಮೆಸ್ಸಿಗೆ ಹೋಗುತ್ತಿದ್ದವು. ಒಳಗೆ ಅಮೋನಿಯಾದ ಘಾಟು. ಮನೆಯಲ್ಲಿ ಅಳಲಾಗದವರು ಅಲ್ಲಿ ಬಂದು ಅತ್ತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕಂಪ್ರೆಸರ್ ಕೆಲಸ ಹೇಳಿಬಿಡುತ್ತೇನೆ, ಬೇಸರಪಡಬೇಡಿ. ಅದು ಗ್ಯಾಸನ್ನು ಹಿಂಡುತ್ತದೆ, ಗ್ಯಾಸು ಕಾಯುತ್ತದೆ. ಮೇಲೆ ನೀರು ಬಿದ್ದರೆ ಬೆವರಿದಂತಾಗಿ ತಣಿದು ದ್ರವವಾಗುತ್ತದೆ. ಅದನ್ನು ಸಡಿಲ ಬಿಟ್ಟರೆ ಕೊರೆಯುವ ಚಳಿ. ಆಮೇಲೆ ಪುನಃ ಹಿಂಡಿಸಿಕೊಳ್ಳಲು ವಾಪಸ್ಸು. ಈ ಸುತ್ತನ್ನು ನಾನು ಅಂಗೈಯಿಟ್ಟೇ ತಿಳಿಯುತ್ತಿದ್ದೆ. "ಮೀಟರ್ ನೋಡೋ" ಎಂದು ಮೇಸ್ತ್ರಿ ಖಾದರ್ ಸಾಬರು ಗದರಿದರೆ, "ಮೀಟರೇ ನನ್ನ ಕೇಳಿ ಹೇಳ್ಬೇಕು ಸಾಬ್" ಎನ್ನುತ್ತಿದ್ದೆ. ಅಷ್ಟು ಸೊಕ್ಕು.

ಅಂಥವನಿಗೆ ಚಳಿಜ್ವರ ಬಂತು. ನಮ್ಮ ಮನೆ ಹಲಸೂರು ಕೆರೆಯ ಪಕ್ಕ, ಸೊಳ್ಳೆಗಳಿಗೆ ಬರವಿರಲಿಲ್ಲ. ದಿನ ಬಿಟ್ಟು ದಿನ, ಮಧ್ಯಾಹ್ನ ಸರಿಯಾಗಿ ಮೂರಕ್ಕೆ ಚಳಿ, ಆಮೇಲೆ ಕಾವು, ಆಮೇಲೆ ಬೆವರು, ಮತ್ತೆ ಏನೂ ಆಗದವನ ಹಾಗೆ ನಾನು. ಕಂಪ್ರೆಸರಿನದೇ ಸುತ್ತು! ಹೆದರುವ ಬದಲು ಒಳಗೊಳಗೇ ಹಿಗ್ಗಿದೆ. ಸುತ್ತು ತಿಳಿದ ಮೇಲೆ ಅದು ನನ್ನ ಹಿಡಿತದಲ್ಲಿದ್ದಂತೆ ತಾನೆ?

ಜ್ವರ ಬಂದವನನ್ನು ಮಿಷಿನ್ನಿನಿಂದ ಇಳಿಸುವುದು ಖಾದರ್ ಸಾಬರ ಕಟ್ಟುನಿಟ್ಟು. ಒಮ್ಮೆ ಇಳಿದರೆ ಆ ಜಾಗಕ್ಕೆ ಐದು ಜನ ಕಾದಿದ್ದರು. ಆದ್ದರಿಂದ ಜ್ವರದ ದಿನ ಎರಡೂವರೆಗೇ ಗಡ್ಡೆ ಎತ್ತುವ ಮುನಿಸ್ವಾಮಿಯನ್ನು ಕಂಪ್ರೆಸರ್ ಹತ್ತಿರ ಕೂರಿಸಿ, ಅವನ ಕೆಲಸಕ್ಕೆ ನಾನು ಹೋಗುತ್ತಿದ್ದೆ. ಐಸ್ ರೂಮಿನಲ್ಲಿ ಎಲ್ಲರೂ ನಡುಗುವವರೇ. ನನ್ನ ನಡುಕಕ್ಕೆ ಅಲ್ಲಿ ಬೇರೆ ಬೆಲೆಯಿರಲಿಲ್ಲ.

"ಆ ಮಿಷಿನ್ನಿಗೆ ದಿನಾ ಎಣ್ಣೆ ಬಿಡ್ತೀರಲ್ಲ, ನೀವೊಂದು ಮಾತ್ರೆ ನುಂಗಿದ್ರೆ ಗಂಟ್ಲು ಸವೆದುಹೋಗುತ್ತಾ?" ಎಂದು ಹೆಂಡತಿ ಕೇಳಿದಳು. ಕ್ವಿನೀನ್ ಕಹಿ, ಕಿವಿಯಲ್ಲಿ ಗುಂಯ್ ಎನಿಸುತ್ತದೆ. ಕಿವಿ ಕೆಟ್ಟರೆ ಮಿಷಿನ್ ಕೇಳುವವರು ಯಾರು? ಮಾತ್ರೆಗಳು ಗೂಡಿನಲ್ಲೇ ಉಳಿದವು.

ಹೀಗೆ ಮೂರು ವಾರ ಸಾಗಿತು. ಆಮೇಲೊಂದು ದಿನ, ಬರಬಾರದ ದಿನ, ಹನ್ನೊಂದು ಗಂಟೆಗೇ ಚಳಿ ಹತ್ತಿಕೊಂಡಿತು. ಜ್ವರದ ಮೇಲೆ ಇನ್ನೊಂದು ಜ್ವರ ಕೂತಿದೆ ಎಂದು ಕಾಂಪೌಂಡರ್ ಹೇಳಿದ್ದು ಆಮೇಲೆ. ನಾನು ಕಂಪ್ರೆಸರ್ ಎದುರೇ ಇದ್ದೆ. ಮುನಿಸ್ವಾಮಿಯನ್ನು ಕರೆಯೋಣವೆಂದರೆ ಖಾದರ್ ಸಾಬರು ಬಾಗಿಲಲ್ಲೇ ನಿಂತಿದ್ದರು. ಹಲ್ಲು ಕಚ್ಚಿದೆ. ಟಕ್ ಟಕ್ ಟಕ್. ಎಷ್ಟು ಕಚ್ಚಿದರೂ ನಿಲ್ಲಲಿಲ್ಲ. ಮಿಷಿನ್ನಿನ ಮೇಲೆ ಕೈಯಿಟ್ಟೆ. ಅದೂ ನಡುಗುತ್ತಿತ್ತು, ಕೈಯೂ ನಡುಗುತ್ತಿತ್ತು.

"ಹಟೋ!" ಎಂದು ಸಾಬರು ನನ್ನನ್ನು ತಳ್ಳಿ ವಾಲ್ವ್ ತಿರುಗಿಸಿದರು, ಮಿಷಿನ್ ನಿಲ್ಲಿಸಿದರು. ಗ್ಯಾಸಿನ ಬದಲು ದ್ರವವೇ ಸಿಲಿಂಡರಿಗೆ ನುಗ್ಗಿ ಬಡಿಯುತ್ತಿತ್ತು.

"ಇನ್ನೊಂದು ನಿಮಿಷ ಆಗಿದ್ರೆ ತಲೆ ಹಾರೋದು. ಮೊದ್ಲು ಮಿಷಿನ್ದು, ಆಮೇಲೆ ನಿಂದು. ಬಡಿಯೋದು ಕೇಳಿಸ್ಲಿಲ್ವಾ?"

"ಕೇಳಿಸ್ತು ಸಾಬ್. ನನ್ನ ಹಲ್ಲು ಅಂದ್ಕೊಂಡೆ."

ಅವರು ನಗಲಿಲ್ಲ. ನನ್ನ ಹಣೆ ಮುಟ್ಟಿ ನೋಡಿದರು. "ಗೊತ್ತಾಗ್ತಿಲ್ಲ ಅಂತ ಒಂದು ಮಾತು ಹೇಳಕ್ಕೆ ನಿಂಗೇನು ರೋಗ? ಒಳಗೆ ಎಂಟು ಜನ ಇದ್ದಾರೆ ಮಿಯಾ."

ಇಳಿಸಿದರು. ಆದರೆ ಜಾಗವನ್ನು ಯಾರಿಗೂ ಕೊಡಲಿಲ್ಲ. ಅದು ವಾಪಸ್ಸು ಬೇಕಾದರೆ ಮಾತ್ರೆ ನುಂಗಬೇಕು, ದಿನಾ ಮೂರು ಗಂಟೆಗೆ ಅವರೆದುರು ಅಂಚಿನವರೆಗೆ ತುಂಬಿದ ಚಹಾ ಕಪ್ಪು ಹಿಡಿದು ಕುಡಿಯಬೇಕು. ಸಾಸರಿಗೆ ಹನಿ ಬಿದ್ದರೆ ಮನೆಗೆ. ಎಂಟು ಜನರ ಕಣ್ಣೆದುರು ಚಹಾ ಚೆಲ್ಲಿಕೊಂಡು ಹಲಸೂರಿನವರೆಗೆ ನಡೆದು ಬರುವ ಅವಮಾನ ನಿಮಗೆ ಬೇಡ. ಹದಿನೇಳನೆಯ ದಿನ ಸಾಸರು ಒಣಗಿತ್ತು. ಸಾಬರು ಎಣ್ಣೆ ಡಬ್ಬಿ ನನ್ನ ಕಡೆ ಸರಿಸಿದರು.

ಹೇಳು ಎಂದು ಅವರು ಬಯ್ದ ಆ ಒಂದು ಮಾತನ್ನು ಮಾತ್ರ ಇಷ್ಟು ವರ್ಷ ನಾನು ಕಲಿಯಲೇ ಇಲ್ಲ.

ಇವತ್ತು ಮಧ್ಯಾಹ್ನ ಸೊಸೆ ಕಾಫಿ ಕೊಟ್ಟಳು. ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದನ್ನು ಫ್ರಿಜ್ಜಿನ ಮೇಲಿಟ್ಟೆ. ನಡುಕ ತಿಳಿಯಿತು. ಕೈ ತೆಗೆದೆ, ನಡುಕ ಕೈಯಲ್ಲೇ ಉಳಿಯಿತು. ಸಾಸರು ನೋಡಿದೆ.

"ಏನಂತೆ ಮಾವ ಅದಕ್ಕೆ?"

"ಗೊತ್ತಾಗ್ತಿಲ್ಲಮ್ಮ," ಎಂದೆ. "ಯಾರನ್ನಾದ್ರೂ ಕರೆಸು."

ಅವಳು ನನ್ನ ಮುಖವನ್ನೇ ನೋಡಿದಳು. ಫ್ರಿಜ್ಜು ಮೈ ಕೊಡವಿ ನಿಂತಿತು. ನಾನು ಕುರ್ಚಿಯಲ್ಲೇ ಕೂತು, ಸಾಸರಿಗೆ ಚೆಲ್ಲಿದ್ದನ್ನೂ ಕುಡಿದೆ.