ವಸಿ ಸುಧಾರಿಸ್ಕಳ್ಲಿ

ಅಪ್ಪ ತೀರಿಕೊಂಡ ಮೇಲೆ ಅವರ ಹಳೆಯ ಟರ್ಬೊ ಡೀಸೆಲ್ ಕಾರು ಚಾಮರಾಜನಗರದ ನಮ್ಮ ಮನೆಯ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತೇ ಇತ್ತು. ಗುಜರಿಗೆ ಹಾಕು ಎಂದವರ ಮೇಲೆಲ್ಲ ನಾನು ರೇಗಿದ್ದೇನೆ. ಕೊನೆಗೊಮ್ಮೆ ಅದನ್ನು ಗುಂಡ್ಲುಪೇಟೆಗೆ ಎಳೆಸಿಕೊಂಡು ಹೋದೆ. ದಿನ ಬೆಳಗಾದರೆ ಲಾರಿಗಳ ಇಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಬಿಚ್ಚಿ ಸರಿಮಾಡುವವರು ಅಲ್ಲಿದ್ದಾರೆ. ಅಲ್ಲಿನ ಮೆಕ್ಯಾನಿಕ್ ಒಬ್ಬರು ಇಲಿ ಕಡಿದ ವೈರು, ಬಿರುಕು ಬಿಟ್ಟ ಗಾಳಿ ಪೈಪು ಎಲ್ಲ ಬದಲಿಸಿ, ಟ್ಯಾಂಕು ತೊಳೆದು, ಕೀ ಕೊಡುವಾಗ ಒಂದು ಮಾತು ಹೇಳಿದರು.

"ನಿಲ್ಸಿದ್ ತಕ್ಷಣ ಆಫ್ ಮಾಡ್ಬುಡ್ಬೇಡಿ ಮೇಡಂ. ಟರ್ಬೊ ಕಾದಿರ್ತದೆ, ತಣ್ಣಗಾಗಗಂಟ ಇಂಜಿನ್ ಸುಮ್ನೆ ಓಡ್ತಿರ್ಲಿ."

ನಾನು ಕೀ ಹಿಡಿದು ಹಾಗೇ ನಿಂತೆ. ಅಪ್ಪ ಮನೆ ಮುಂದೆ ಬಂದರೂ ಇಂಜಿನ್ ಆರಿಸದೆ ಕಾರಿನಲ್ಲೇ ಕೂತಿರುತ್ತಿದ್ದರು. "ಮನೆ ಒಳಕ್ ಬರಕ್ಕೆ ಅಷ್ಟೊಂದ್ ಬೇಜಾರಾ?" ಎಂದು ಅಮ್ಮ ಬಾಗಿಲಲ್ಲಿ ನಿಂತು ಸಿಡುಕುತ್ತಿದ್ದಳು. "ವಸಿ ಸುಧಾರಿಸ್ಕಳ್ಲಿ ಕಣಮ್ಮಿ, ದೂರದಿಂದ ಬಂದದೆ" ಎನ್ನುತ್ತಿದ್ದರು ಅಪ್ಪ, ಕಾರನ್ನು ಮನೆಗೆ ಬಂದ ನೆಂಟರೆಂಬಂತೆ ನೋಡುತ್ತ. ಅದು ಬರೀ ನೆಪ ಎಂದೇ ಅಮ್ಮ ನಂಬಿದ್ದಳು.

ವಾಪಸ್ ಬರುವಾಗ ಕಾರು ಏರಿನಲ್ಲೂ ಸಲೀಸಾಗಿ ಎಳೆಯಿತು. ಮನೆ ಮುಂದೆ ನಿಲ್ಲಿಸಿ ಇಂಜಿನ್ ಆರಿಸದೆ ಕೂತಿದ್ದಾಗ ಸದ್ದು ಕೇಳಿ ಅಮ್ಮ ಹೊರಗೆ ಬಂದಳು. ಮೆಕ್ಯಾನಿಕ್ ಹೇಳಿದ್ದನ್ನು ಅವಳಿಗೆ ಹೇಳಿದೆ. ಅವಳು ಬಂದು ಪಕ್ಕದ ಸೀಟಿನಲ್ಲಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ನಾನು ಆಫ್ ಮಾಡಲು ಹೋದರೆ ಕೈ ಹಿಡಿದುಕೊಂಡಳು.

"ತಡಿ ಕಣಮ್ಮಿ, ಇನ್ನೂ ವಸಿ ಸುಧಾರಿಸ್ಕಳ್ಲಿ."