ಖಂಡೇನವಮಿಯ ಚೆಂಡು

ನೇಸರಗಿಯಲ್ಲಿ ನಮ್ಮ ಪಕ್ಕದ ಮನೆಯ ಯಶೋಧಾ ಬೌಲಿಂಗ್ ಆಡುತ್ತಾಳೆ ಎಂದರೆ ಓಣಿಯವರೆಲ್ಲ ಕ್ರಿಕೆಟ್ ಎಂದೇ ತಿಳಿದಿದ್ದರು. ನಾನೂ ಅಷ್ಟೇ ಶಾಣ್ಯಾಕಿ. ಬೆಳಗಾವಿಯ ಮಾಲ್ ಒಂದರಲ್ಲಿ ಆ ಆಟದ ಅಂಗಳವಿತ್ತು: ಉದ್ದಕ್ಕೆ ನುಣುಪು ಹಲಗೆಯ ಹಾದಿ, ತುದಿಯಲ್ಲಿ ಕೆಡವಬೇಕಾದ ಬಾಟಲಿಯಾಕಾರದ ಹತ್ತು ಪಿನ್ನು, ಬೆರಳು ತೂರಿಸಿ ಉರುಳಿಸುವ ಭಾರದ ಚೆಂಡು. ಅಲ್ಲಿ ಗಿರಾಕಿಗಳಿಗೆ ಬೂಟು ಕೊಡುವ ಕೆಲಸಕ್ಕೆ ಸೇರಿದ ಯಶೋಧಾ, ಬಾಗಿಲು ತೆರೆಯುವ ಮೊದಲು ಉರುಳಿಸಿ ಉರುಳಿಸಿ ಆಟ ಕಲಿತಳು. ಅವಳ ಅವ್ವ ಕೃಷ್ಣವ್ವನಿಗೆ ಮಾತ್ರ ಅದು ಗೋಲಿ ಆಟ. ಮದುವೆಯ ವಯಸ್ಸಿನವಳು ಮಾಡುವ ಕೆಲಸವೇ ಇದು ಎಂದು ಬೈಯದ ದಿನವಿರಲಿಲ್ಲ.

ದೀಪಾವಳಿಗೆ ಆ ಅಂಗಳ ಕಾಯಂ ಮುಚ್ಚುವುದೆಂದು ಗೊತ್ತಾಯಿತು. ದಸರೆ ಮುಗಿದ ಕೂಡಲೇ ಬೆಂಗಳೂರಿನಲ್ಲಿ ರಾಜ್ಯ ತಂಡದ ಆಯ್ಕೆ. ಆಯ್ಕೆಯಾದರೆ ಅಲ್ಲೇ ತರಬೇತಿ, ಇಲ್ಲವಾದರೆ ಅವಳಿಗೆ ಆಡಲು ಜಾಗವೇ ಇಲ್ಲ.

ಆ ಹಲಗೆಗೆ ಎಣ್ಣೆ ಸವರಿರುತ್ತಾರೆ, ಬೆಂಗಳೂರಿನಲ್ಲಿ ಇನ್ನೂ ದಪ್ಪಗೆ. ಅಂಥ ಎಣ್ಣೆಯ ಮೇಲೆ ನುಣುಪು ಚೆಂಡು ನೆಟ್ಟಗೆ ಜಾರಿಬಿಡುತ್ತದೆ. ಒರಟು ಮೈಯದಾದರೆ ಹಲಗೆಯನ್ನು ಹಿಡಿದು, ಪಿನ್ನಿನ ಹತ್ತಿರ ಬಂದು ಬಾಗಿ ಹೆಚ್ಚು ಪಿನ್ನು ಕೆಡವುತ್ತದೆ. ಇದನ್ನೆಲ್ಲ ಅವಳೇ ನನಗೆ ಹೇಳಿದ್ದು. ಅವರಿವರನ್ನು ಕೇಳಿ, ತೂಗಿ ನೋಡಿ, ಪುಣೆಯಿಂದ ಒಂದು ಕಪ್ಪು ಚೆಂಡು ತರಿಸಿ ತನ್ನ ಬೆರಳಿನ ಅಳತೆಗೆ ತೂತು ಕೊರೆಸಿಕೊಂಡಳು. ಅದರ ಮೈ ನುಣುಪಾಗದಂತೆ ಒರಟು ಅರಿವೆಯಿಂದ ತಿಕ್ಕುತ್ತಿದ್ದಳು. ನೋಡಲು ಶಾಲೆ ಮಕ್ಕಳ ಒರೆಸದ ಪಾಟಿಯಂತೆ ಮಂಕಾಗಿತ್ತು.

ಖಂಡೇನವಮಿಯ ದಿನ ಚೆಂಡನ್ನು ಮನೆಯಲ್ಲಿಟ್ಟು ಕೆಲಸಕ್ಕೆ ಹೋಗಿದ್ದಳು. ಸಂಜೆ ಬಂದು ನೋಡಿದರೆ ಕಟ್ಟೆಯ ಮೇಲೆ ಆಯುಧಪೂಜೆಯಾಗಿತ್ತು. ಅಪ್ಪ ಕಾಡಪ್ಪ ಗೌಂಡಿ, ಮನೆ ಕಟ್ಟುವವನು. ಅವನ ಗಾರೆ ಸವರುವ ಕರಣಿ, ಸುತ್ತಿಗೆಗಳನ್ನು ತೊಳೆದು ಎಣ್ಣೆ ಹಚ್ಚಿ ಸಾಲಾಗಿ ಇಟ್ಟಿದ್ದರು. ಆ ಸಾಲಿನ ನಡುವೆ ಅವಳ ಚೆಂಡು ಮಿರಿಮಿರಿ ಮಿಂಚುತ್ತಿತ್ತು. ಬೆರಳು ತೂರಿಸುವ ತೂತುಗಳಲ್ಲಿ ಚೆಂಡುಹೂವು.

“ಭಾಳ ಮಂಕಾಗಿತ್ತವಾ,” ಎಂದಳು ಕೃಷ್ಣವ್ವ. “ಮುಂಜಾನಿಂದ ಕೊಬ್ಬರಿ ಎಣ್ಣಿ ಹಚ್ಚಿ ತಿಕ್ಕೇನಿ. ನಿಮ್ಮಪ್ಪಂದು ಕರಣಿ, ನಿಂದು ಇದು. ನಿನ್ನ ಹತಾರ ಅಲ್ಲೇನ?”

ಯಶೋಧಾ ಚೆಂಡನ್ನು ಮುಟ್ಟಿ ನೋಡಿದಳು. ಚಲೋ ಆತು ಬಿಡ ಯವ್ವಾ ಎಂದಷ್ಟೇ ಹೇಳಿ ಕೈ ಮುಗಿದಳು.

ಮರುದಿನ ನಮ್ಮ ಹಿತ್ತಲಿಗೆ ತಂದು ಬಿಸಿನೀರು, ಸೋಪು ಹಾಕಿ ತೊಳೆದಳು. ನಾನೇ ನೀರು ಕಾಯಿಸಿಕೊಟ್ಟೆ. ಒರೆಸಿ ಬಿಸಿಲಿಗಿಟ್ಟರೆ ಮತ್ತೆ ಎಣ್ಣೆ ಬೆವರುತ್ತಿತ್ತು. ಆ ಜಾತಿಯ ಚೆಂಡು ಎಣ್ಣೆಯನ್ನು ಒಳಗೇ ಹೀರಿಕೊಳ್ಳುತ್ತದಂತೆ. ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುವ ಚೆಂಡುಗಳೂ ನುಣುಪು, ಅವಳ ಬೆರಳಿಗೂ ಕೂಡುವುದಿಲ್ಲ. ಹಾಗಾಗಿ ಅದನ್ನೇ ಹೊತ್ತುಕೊಂಡು ಹೋದಳು. ಅದು ಒಮ್ಮೆಯೂ ಬಾಗಲಿಲ್ಲ, ಪ್ರತಿ ಸಲವೂ ನೆಟ್ಟಗೆ ಜಾರಿತು. ಆಯ್ಕೆಯಾದವರ ಹೆಸರು ಓದುವ ಮೊದಲೇ ಅವಳು ಊರಿಗೆ ಹೊರಟುಬಂದಳು.

ನನಗೆ ಕೆಟ್ಟ ಸಿಟ್ಟು ಬಂದಿತ್ತು. ನಿಮ್ಮವ್ವನಿಗೆ ಈಗಲಾದರೂ ಹೇಳು, ಇಲ್ಲವಾದರೆ ನಾನೇ ಹೇಳುತ್ತೇನೆ ಎಂದು ಜಗಳಕ್ಕೇ ನಿಂತೆ.

“ಬ್ಯಾಡ್ರಿ ವೈನಿ,” ಎಂದಳು. “ಅಕಿ ಇಷ್ಟ ವರ್ಷದಾಗ ಒಮ್ಮೆನೂ ನನ್ನ ಕೆಲಸಕ್ಕ ಕೆಲಸ ಅಂದಿದ್ದಿಲ್ಲ. ಅವತ್ತೊಂದ ದಿನ ಅಂದಾಳ.”

ಆ ಮಾತನ್ನು ಕೃಷ್ಣವ್ವನವರೆಗೆ ನಾನು ಒಯ್ಯಲಿಲ್ಲ.

ದೀಪಾವಳಿಗೆ ಅಂಗಳ ಮುಚ್ಚಿತು. ಯಶೋಧಾ ಈಗ ಬೈಲಹೊಂಗಲದ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಾಳೆ. ಆಟದ ಮಾತು ತೆಗೆಯುವುದಿಲ್ಲ.

ಈ ವರ್ಷದ ಖಂಡೇನವಮಿಗೂ ಕೃಷ್ಣವ್ವ ಕರಣಿಯ ಪಕ್ಕದಲ್ಲಿ ಚೆಂಡು ಇಟ್ಟಳು. ಎಣ್ಣೆಯ ಬಟ್ಟಲು ತಂದವಳು ಯಶೋಧಾ. ಅವ್ವನ ಕೈಗೆ ಕೊಡದೆ ತಾನೇ ಕುಳಿತು ಹಚ್ಚಿದಳು. ಇನ್ನಷ್ಟು ಹಚ್ಚವಾ, ಮಿಂಚಲಿ ಎಂದಳು ಕೃಷ್ಣವ್ವ. ಯಶೋಧಾ ಇನ್ನಷ್ಟು ಹಚ್ಚಿದಳು.