ಪುಟ್ಟಗಂಗಮ್ಮನ ರಾಣಿ
ವಸಂತಪುರದ ನಮ್ಮ ಮನೆ ಓನರ್ ಪುಟ್ಟಗಂಗಮ್ಮ ನನ್ನಿಂದ ಚೆಸ್ ಕಲಿಯತೊಡಗಿದ ಮೇಲೆ ಸಂಜೆಯ ಸೀರಿಯಲ್ಲುಗಳನ್ನು ನೋಡುವವರೇ ಇಲ್ಲ. ಲಾಭ ಇರಲಿ ಇಲ್ಲದಿರಲಿ, ರಾಣಿಯನ್ನು ನಡೆಸಿ "ಚೆಕ್ಕು ಕಣಪ್ಪ ಮೌನೇಶ" ಎಂದು ಬೀದಿಗೆಲ್ಲ ಕೇಳುವಂತೆ ಸಾರುತ್ತಾರೆ. ರಾಗಿ ಹೊಲಕ್ಕೆ ನುಗ್ಗಿದ ಎಮ್ಮೆಯನ್ನು ಅಟ್ಟುವವರಂತೆ ನನ್ನ ರಾಜನ ಬೆನ್ನು ಹತ್ತುತ್ತಾರೆ. ಕಾಯಿ ಬಲಿ ಕೊಟ್ಟೂ ಗೆಲ್ಲಬಹುದು ಆಂಟಿ ಎಂದರೆ ಮಾತ್ರ ಮುಖ ತಿರುವುತ್ತಾರೆ. ಒಂದು ಕಾಲಾಳು ಸತ್ತರೂ ಸೆರಗಿನಿಂದ ಒರೆಸಿ, ಬೋರ್ಡಿನ ಅಂಚಿನಲ್ಲಿ ನಿಲ್ಲಿಸುತ್ತಾರೆ: "ಆಟ ನೋಡ್ಲಿ, ಪಾಪ." ನಿನ್ನೆ ರಾಣಿಯನ್ನೇ ನನ್ನ ರಾಜನ ಪಕ್ಕಕ್ಕೆ ನೂಕಿದರು. ಅದನ್ನು ಹೊಡೆದ ನನ್ನ ಆನೆಯೇ ರಾಜನ ದಾರಿಗೆ ಅಡ್ಡ ನಿಂತಿತು. ಅವರ ಕುದುರೆ ಹಾರಿ ಬಂದು ಆಟ ಮುಗಿಸಿತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅವರು ನನ್ನತ್ತ ನೋಡಲೇ ಇಲ್ಲ. ಸತ್ತ ರಾಣಿಯನ್ನು ಸೆರಗಿನಿಂದ ಒರೆಸಿ ಅಂಚಿನಲ್ಲಿ ನಿಲ್ಲಿಸುತ್ತಿದ್ದರು: "ನೋಡವ್ವ, ನಾವೇ ಗೆದ್ವಿ."